ಮುಚ್ಚಳ ತೆಗೆಯಬಾರದ ಬಸ್ಸು

ಮಾರ್ಚ್ ೪, ಸೋಮವಾರ

ಡಾಕ್ಟರ್ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ರಕ್ತದೊತ್ತಡ ನೋಡಿ, "ಸಿಟ್ಟು ಬಂದಾಗ ಕೂಗಾಡಬೇಡಿ, ಒಂದು ಕಡೆ ಬರೆದಿಡಿ, ಇಳಿಯುತ್ತೆ" ಎಂದರು. ಬರೆದರೆ ಇಳಿಯುವ ಸಿಟ್ಟು ಸಿಟ್ಟೇ ಅಲ್ಲ. ಆದರೂ ಇವಳು ಡೈರಿ ತಂದು ಮೇಜಿನ ಮೇಲೆ ಇಟ್ಟಿದ್ದಾಳೆ. ಹೆಂಡತಿ ತಂದದ್ದನ್ನು ಖಾಲಿ ಬಿಟ್ಟರೆ ಅದಕ್ಕೊಂದು ಬೇರೆ ಜಗಳ.

ಇವತ್ತು ಡಿಪೋಗೆ ಕರೆಂಟ್ ಬಸ್ಸುಗಳು ಬಂದವು. ಬಿಳಿ ಬಣ್ಣ, ಪಕ್ಕದಲ್ಲಿ ಹಸಿರು ಎಲೆಯ ಚಿತ್ರ. ಮ್ಯಾನೇಜರ್ ಸ್ಟೂಲಿನ ಮೇಲೆ ನಿಂತು ಭಾಷಣ ಮಾಡಿದರು. ಸಾಲ ಕೊಟ್ಟ ಬ್ಯಾಂಕು ಒಂದು ದೇಶದ್ದಂತೆ, ಬಸ್ಸು ಕಟ್ಟಿದ ಕಂಪನಿ ಇನ್ನೊಂದು ದೇಶದ್ದಂತೆ. ಸಾಲ ತೀರಿಸುವವರು ಮಾತ್ರ ನಾವು. ಕೊನೆಗೆ ತಣ್ಣಗೆ ಒಂದು ಮಾತು ಹೇಳಿದರು: "ಈ ಬಸ್ಸುಗಳ ರಿಪೇರಿ ಕಂಪನಿಯವರದ್ದೇ. ಬ್ಯಾಟರಿ, ಮೋಟರ್ ಇರೋ ಡಬ್ಬಿಯ ಮುಚ್ಚಳಕ್ಕೆ ಸೀಲ್ ಹಾಕಿರ್ತಾರೆ. ನಮ್ಮವರು ಯಾರೂ ತೆಗೆಯೋ ಹಾಗಿಲ್ಲ. ಕರಾರಿನಲ್ಲೇ ಇದೆ."

ನಾನು ಈ ಡಿಪೋದ ಫೋರ್‌ಮನ್. ಡೀಸೆಲ್ ಎಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರು ಮುನಿಸಿಕೊಂಡಿದೆ ಎಂದು ಹೇಳುತ್ತಿದ್ದವನು. ಇನ್ನು ಮುಂದೆ ಮುಚ್ಚಳದ ಹೊರಗಡೆ ಒರೆಸುವ ಕೆಲಸ.

ಸಿಟ್ಟು ಇಳಿದಿಲ್ಲ.

ಮಾರ್ಚ್ ೬, ಬುಧವಾರ

ನಮ್ಮ ಶೆಡ್ಡಿನ ಅರ್ಧ ಭಾಗ ಅವರಿಗೆ ಕೊಟ್ಟಾಯಿತು. ನನ್ನ ಸ್ಪ್ಯಾನರುಗಳ ಕಪಾಟನ್ನು ಮೆಟ್ಟಿಲ ಕೆಳಗೆ ತಳ್ಳಿದ್ದಾರೆ. ಚಾರ್ಜಿಂಗ್ ಅಂಗಳದಲ್ಲಿ ನೀಲಿ ಅಂಗಿಯ ಗುತ್ತಿಗೆ ಆಳುಗಳು. ಅವರ ಕೆಲಸ ಬಸ್ಸಿಗೆ ಪ್ಲಗ್ ಚುಚ್ಚುವುದು, ಕೀಳುವುದು. ಅವರಲ್ಲಿ ಒಬ್ಬಳು ಹೆಂಗಸಿದ್ದಾಳೆ. ನಮ್ಮ ಹುಡುಗರು ಮಧ್ಯಾಹ್ನದೊಳಗೆ ಹೆಸರಿಟ್ಟುಬಿಟ್ಟರು: ಪ್ಲಗ್ಗಮ್ಮ. ನಾನೂ ನಕ್ಕೆ.

ನಮಸ್ಕಾರ ಅಣ್ಣಾ ಎಂದಳು. ತಲೆ ಆಡಿಸಿದೆ. ಮಾತಾಡಿಸಲಿಲ್ಲ.

ಮಾರ್ಚ್ ೧೭, ಭಾನುವಾರ

ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಅವಳ ಮನೆ ಡಿಪೋದ ಹಿಂದಿನ ರಸ್ತೆಯಲ್ಲಿ. ಪಾಪುವಿಗೆ ಹುಟ್ಟಿದಾಗಿನಿಂದ ಉಬ್ಬಸ. ಬಸ್ಸುಗಳು ಬೆಳಿಗ್ಗೆ ಎಂಜಿನ್ ಬಿಸಿ ಮಾಡುವ ಹೊತ್ತಿಗೆ ಕಿಟಕಿ ಮುಚ್ಚಿಕೊಂಡು ಕೂರುತ್ತಾರೆ.

"ಅಪ್ಪ, ಎರಡು ವಾರದಿಂದ ಕಿಟಕಿ ತೆಗೆದಿಟ್ಟಿದ್ದೀನಿ" ಎಂದಳು. ಖುಷಿಯಿಂದಲೇ ಹೇಳಿದಳು. ನನಗೆ ಚುಚ್ಚಿತು.

"ಹಾಗಾದ್ರೆ ಇಷ್ಟು ವರ್ಷ ನಾನು ನಿನ್ನ ಮಗೂಗೆ ವಿಷ ಹಾಕಿದೆ ಅಂತೀಯಾ?"

"ನಾನು ಹಾಗೆ ಹೇಳಿದ್ನಾ? ಗಾಳಿ ಚೆನ್ನಾಗಿದೆ ಅಂದೆ, ಅಷ್ಟೆ."

"ಗಾಳಿ ಎಲ್ರಿಗೂ. ಕೆಲಸ ಹೋಗೋದು ಮಾತ್ರ ನಮಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ."

ಇವಳು ನಡುವೆ ಬಂದು ಟೀ ಇಟ್ಟಳು. ಮಗಳು ಕುಡಿದು ಎದ್ದು ಹೋದಳು. ಪಾಪು ಮಾತ್ರ ಬಾಗಿಲಲ್ಲಿ ನಿಂತು ಕೈ ಬೀಸಿತು.

ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಜಗತ್ತಿನ ಹೊಗೆಗೆಲ್ಲ ನಮ್ಮ ಡಿಪೋ ಒಂದೇ ಕಾರಣವೇ? ಹೊಗೆ ಬಿಟ್ಟು ಸಾಹುಕಾರರಾದ ದೇಶಗಳು ಈಗ ನಮಗೆ ಸಾಲ ಕೊಟ್ಟು ಶುಚಿಯ ಪಾಠ ಹೇಳುತ್ತವೆ, ಬಡ್ಡಿ ಸಮೇತ.

ಮಾರ್ಚ್ ೨೧, ಗುರುವಾರ

ಸಂಘದ ಸಭೆ. ಕರೆಂಟ್ ಬಸ್ಸುಗಳನ್ನು ವಾಪಸ್ ಕಳಿಸಬೇಕು ಎಂದು ಕಾರ್ಯದರ್ಶಿ ನಿರ್ಣಯ ಮಂಡಿಸಿದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ನೀಲಿ ಅಂಗಿಯವರನ್ನೂ ಸಂಘಕ್ಕೆ ಕರೆಯೋಣವೇ ಎಂದು ಒಬ್ಬ ಡ್ರೈವರ್ ಕೇಳಿದ. "ಗುತ್ತಿಗೆಯವರು ಇವತ್ತು ಇರ್ತಾರೆ, ನಾಳೆ ಇರಲ್ಲ. ಅವರನ್ನ ಕಟ್ಕೊಂಡು ನಮಗೇನಾಗಬೇಕು" ಎಂದು ನಾನೇ ಹೇಳಿದೆ. ಚಪ್ಪಾಳೆ ಬಿತ್ತು.

ಏಪ್ರಿಲ್ ೨, ಮಂಗಳವಾರ

ಹೊಸ ಬಸ್ಸುಗಳಲ್ಲಿ ಮೂರು ಕೆಟ್ಟು ನಿಂತಿವೆ. ಕಂಪನಿಯ ಎಂಜಿನಿಯರ್ ಬೇರೆ ಊರಿನಲ್ಲಿದ್ದಾನೆ. ಅವನಿಗೂ ಗೊತ್ತಾಗದಿದ್ದರೆ ಕಂಪನಿಯ ದೇಶದಿಂದ ಯಾರೋ ಬರಬೇಕು. ಅಲ್ಲಿಯವರೆಗೆ ಮುಟ್ಟುವಂತಿಲ್ಲ. ಮುಟ್ಟು ಎಂದರೂ ನನಗೆ ಏನೂ ತಿಳಿಯದು, ಅದು ಬೇರೆ ಮಾತು. ಆ ಡಬ್ಬಿಯೊಳಗೆ ಏನಿದೆ ಎಂದು ನನಗೆ ಯಾರು ತೋರಿಸಿದ್ದಾರೆ?

ನಿಂತ ಬಸ್ಸು ನೋಡಿ ಒಳಗೊಳಗೇ ಖುಷಿಯಾಗಿತ್ತು. ಸಂಜೆ ಇವಳು ಹೇಳಿದಳು, ಮಗಳು ಆ ಬಸ್ಸಿಗೇ ಕಾದು ಕಾದು ತಾನು ಪಾಠ ಮಾಡುವ ಸ್ಕೂಲಿಗೆ ತಡವಾಗಿ ಹೋಗಿ ಹೆಡ್‌ಮಿಸ್ ಕೈಲಿ ಬೈಸಿಕೊಂಡಳಂತೆ.

ಖುಷಿಪಡುವುದಕ್ಕೂ ನನ್ನನ್ನು ಬಿಡುವುದಿಲ್ಲ.

ಏಪ್ರಿಲ್ ೯, ಮಂಗಳವಾರ

ಕೆಲಸವಿಲ್ಲದ ಫೋರ್‌ಮನ್ ಟೀ ಅಂಗಡಿಯಲ್ಲಿ ಕೂರುವುದು ಬಿಟ್ಟು ಏನು ಮಾಡಬೇಕು. ಪ್ಲಗ್ಗಮ್ಮ ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಸುಮ್ಮನಿರುವುದು ಕಷ್ಟವಾಗಿ, ಮೊದಲು ಎಲ್ಲಿದ್ದೆ ಎಂದು ಕೇಳಿದೆ.

ಶರ್ಟ್ ಫ್ಯಾಕ್ಟರಿಯಲ್ಲಂತೆ. ಕಾಲರ್ ಹೊಲಿಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಬರೀ ಕಾಲರ್, ಒಂದು ಶರ್ಟನ್ನೂ ಪೂರ್ತಿ ನೋಡಿದವಳಲ್ಲ. ಒಂದು ದಿನ ಹೋದರೆ ಬಟ್ಟೆ ಬಂದಿರಲಿಲ್ಲ. ಮರುದಿನವೂ ಬರಲಿಲ್ಲ.

"ಬಾಗಿಲು ಮುಚ್ತೀವಿ ಅಂತ ಯಾರೂ ಹೇಳಲಿಲ್ಲ ಅಣ್ಣ. ಬಟ್ಟೆ ಬರಲಿಲ್ಲ, ಅಷ್ಟೆ. ನಮಗಿಂತ ಕಮ್ಮಿ ಕೂಲಿಗೆ ಹೊಲಿಯೋರು ಬೇರೆ ದೇಶದಲ್ಲಿ ಸಿಕ್ಕಿದ್ರಂತೆ. ಅಲ್ಲೂ ನನ್ನಂಥೋಳೇ ಯಾರೋ ಕಾಲರ್ ಹೊಲೀತಿರ್ತಾಳೆ. ಅವಳ ಮೇಲೆ ಸಿಟ್ಟು ಮಾಡ್ಕೊಳ್ಳೋಣ ಅಂತ ನೋಡಿದೆ, ಬರಲಿಲ್ಲ."

"ಈ ಕೆಲಸಾನೂ ಹಾಗೇ ಹೋದ್ರೆ?"

ಅವಳು ಲೋಟ ಕೆಳಗಿಟ್ಟಳು. "ಶರ್ಟಾದ್ರೆ ಎಲ್ಲಿ ಬೇಕಾದ್ರೂ ಹೊಲೀಬಹುದು. ಬಸ್ಸು ಇಲ್ಲೇ ಓಡಬೇಕಲ್ವಾ ಅಣ್ಣ. ಇಲ್ಲಿನ ಜನರನ್ನ ಹತ್ತಿಸ್ಕೊಳ್ಳೋಕೆ ಬೇರೆ ದೇಶದಲ್ಲಿ ಓಡಿಸಿದ್ರೆ ಆಗುತ್ತಾ? ಅದಕ್ಕೇ ಈ ಕೆಲಸ ಹಿಡಿದೆ."

ಅವಳ ಕಥೆ ನನಗೇಕೆ. ಬರೆಯಲು ಬೇರೇನೂ ಇರಲಿಲ್ಲ, ಬರೆದೆ.

ಏಪ್ರಿಲ್ ೧೨, ಶುಕ್ರವಾರ

ಪ್ಲಗ್ಗಮ್ಮ ಒಂದು ಕೇಬಲ್ ತೋರಿಸಿದಳು. ಪ್ಲಗ್ಗಿನ ಹಿಡಿ ಸೀಳಿಹೋಗಿದೆ, ಟೇಪು ಸುತ್ತಿ ನಡೆಸುತ್ತಿದ್ದಾರೆ. ಕಂಪನಿಗೆ ಹೇಳಿದ್ದಕ್ಕೆ, ಹೊಸದು ಹಡಗಿನಲ್ಲಿ ಬರುತ್ತಿದೆ ಎಂದರಂತೆ. "ಡೀಸೆಲ್ ಪೈಪಾಗಿದ್ರೆ ಅರ್ಧ ಗಂಟೇಲಿ ಬದಲಾಯಿಸ್ತಿದ್ದೆ" ಎಂದೆ. ಅದೇನು ಅವಳಿಗೆ ಸಮಾಧಾನದ ಮಾತೇ? ಮ್ಯಾನೇಜರಿಗೂ ಹೇಳಿದೆ. "ನಿಮ್ಮ ವಿಭಾಗ ಅಲ್ಲವಲ್ಲ ಫೋರ್‌ಮನ್" ಎಂದರು.

ಏಪ್ರಿಲ್ ೧೬, ಮಂಗಳವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮಧ್ಯಾಹ್ನ ಮಳೆ ಬಂತು. ಚಾರ್ಜಿಂಗ್ ಅಂಗಳಕ್ಕೆ ಮಾಡು ಅರ್ಧವೇ. ಟೇಪು ಸುತ್ತಿದ ಹಿಡಿ ಅವಳ ಕೈಯಲ್ಲಿತ್ತು. ಪಟಾರ್ ಎಂಬ ಸದ್ದು, ನೀಲಿ ಬೆಳಕು, ಅವಳು ನೆಲದ ಮೇಲೆ. ಕೇಬಲ್ ಅವಳ ಪಕ್ಕದಲ್ಲೇ ನೀರಿನಲ್ಲಿ ಚಟಚಟ ಅನ್ನುತ್ತಿತ್ತು. ಹತ್ತಿರ ಹೋಗಲು ಯಾರಿಗೂ ಆಗುತ್ತಿಲ್ಲ. ಮೇನ್ ಸ್ವಿಚ್ಚು ಕೋಣೆಯಲ್ಲಿದೆ, ಕೋಣೆಗೆ ಬೀಗ, ಬೀಗದ ಕೈ ಬೇರೆ ಊರಿನ ಎಂಜಿನಿಯರ್ ಹತ್ತಿರ. ನೀಲಿ ಅಂಗಿಯವರು ಫೋನು ಹಿಡಿದು ಸಾರ್ ಸಾರ್ ಎನ್ನುತ್ತಿದ್ದಾರೆ.

ಮೆಟ್ಟಿಲ ಕೆಳಗಿನ ಕಪಾಟಿನಿಂದ ಸುತ್ತಿಗೆ ತಂದು ಬೀಗ ಒಡೆದೆ. ಒಳಗೆ ಸಾಲು ಸಾಲು ಸ್ವಿಚ್ಚು, ಯಾವುದು ಯಾವುದಕ್ಕೆ ಎಂದು ಒಂದಕ್ಷರವೂ ನಮ್ಮ ಭಾಷೆಯಲ್ಲಿಲ್ಲ. ಎಲ್ಲವನ್ನೂ ಕೆಳಗೆಳೆದೆ.

ಒಂದು ಹಳೆಯ ಡೀಸೆಲ್ ಬಸ್ಸಿನಲ್ಲೇ ಆಸ್ಪತ್ರೆಗೆ ಹೋದೆವು. ಸೀಟಿನ ಮೇಲೆ ಮಲಗಿಸಿ ಅವಳ ತಲೆ ಹಿಡಿದುಕೊಂಡು ಕೂತಿದ್ದೆ. ಜೀವಕ್ಕೆ ಅಪಾಯವಿಲ್ಲ ಎಂದರು. ಬಲಗೈ ಮೊಣಕೈವರೆಗೆ ಬೆಂದಿದೆ.

ಇನ್ನು ಬರೆಯಲಾರೆ.

ಏಪ್ರಿಲ್ ೧೭, ಬುಧವಾರ

ಕಂಪನಿ ಹೇಳುತ್ತದೆ: ಅವಳು ನಮ್ಮ ಕೆಲಸದವಳಲ್ಲ, ಗುತ್ತಿಗೆದಾರನವಳು. ಗುತ್ತಿಗೆದಾರ ಹೇಳುತ್ತಾನೆ: ಅವಳು ಅಜಾಗರೂಕಳು. ಮ್ಯಾನೇಜರ್ ಹೇಳುತ್ತಾರೆ: ಡಿಪೋಗೂ ಇದಕ್ಕೂ ಸಂಬಂಧವಿಲ್ಲ. ಕಾರ್ಯದರ್ಶಿ ಹೇಳುತ್ತಾರೆ: "ಪಾಪ ಅನ್ಸುತ್ತೆ ಫೋರ್‌ಮನ್, ಆದ್ರೆ ನಮ್ಮ ಸದಸ್ಯೆ ಅಲ್ಲ."

ನಾಲ್ಕು ಜನ ಸೇರಿ ಒಬ್ಬ ಹೆಂಗಸನ್ನು ಎಷ್ಟು ಚೆನ್ನಾಗಿ ಇಲ್ಲವಾಗಿಸಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಮಾತು ಬೆಳೆದು ಕಾರ್ಯದರ್ಶಿಯ ಮೇಲೆ ಕೂಗಾಡಿದೆ. ಡಾಕ್ಟರಿಗೆ ಯಾರೂ ಹೇಳದಿದ್ದರೆ ಸಾಕು.

ಸಂಜೆ ನನಗೆ ನೋಟಿಸ್ ಬಂತು. ಕಂಪನಿಯ ಬೀಗ ಒಡೆದದ್ದಕ್ಕೆ ವಿವರಣೆ ಕೊಡಬೇಕಂತೆ. ಕೊಡುತ್ತೇನೆ. ಬೀಗದ ಕೈ ಇರಲಿಲ್ಲ, ಸುತ್ತಿಗೆ ಇತ್ತು.

ಏಪ್ರಿಲ್ ೨೧, ಭಾನುವಾರ

ಇವಳೂ ಆಸ್ಪತ್ರೆಗೆ ಬರುತ್ತೇನೆಂದಳು. ವಾರ್ಡಿನಲ್ಲಿ ಪ್ಲಗ್ಗಮ್ಮನ ತಮ್ಮ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಅವಳು ಎಚ್ಚರವಾಗಿದ್ದಳು. ಬ್ಯಾಂಡೇಜಿನ ಕೈ ದಿಂಬಿನ ಮೇಲೆ ಬೇರೆ ಯಾರದೋ ವಸ್ತುವಿನ ಹಾಗಿತ್ತು.

"ಆ ಕೇಬಲ್ ತೆಗೆದ್ರಾ ಅಣ್ಣ?"

"ಇಲ್ಲಮ್ಮ. ಮತ್ತೆ ಟೇಪ್ ಸುತ್ತಿದ್ದಾರೆ."

"ಈಗ ಯಾರು ಹಾಕ್ತಿದ್ದಾರೆ ಪ್ಲಗ್ಗು?"

ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. "ಅವನಿಗೆ ಮೊನ್ನೆ ತಾನೆ ಮಗು ಆಗಿದೆ" ಎಂದಳು.

ಇವಳು ಅವಳ ತಲೆ ಬಾಚಿ ಜಡೆ ಹಾಕಿಕೊಟ್ಟಳು. ಹಿಂದಿರುಗುವಾಗ, ಮನೆ ಹತ್ತಿರ ಬಂದಾಗ ಅಂದಳು: "ಇಷ್ಟು ವರ್ಷ ನಿಮ್ಮ ಸಿಟ್ಟು ಬರೀ ಪಾತ್ರೆ ಮೇಲೆ, ಮಕ್ಕಳ ಮೇಲೆ ಹೋಗ್ತಿತ್ತು ರೀ. ಈಗ ಅದಕ್ಕೊಂದು ಕೆಲಸ ಸಿಕ್ಕಿದೆ. ನೆಟ್ಟಗೆ ಮಾಡಿ."

ಯಾವಾಗ ಪಾತ್ರೆ ಮೇಲೆ ಹೋಗಿತ್ತು? ಒಮ್ಮೆ, ಅದೂ ಆ ಪಾತ್ರೆ ಮೊದಲೇ ಸೊಟ್ಟಗಿತ್ತು.

ಮೇ ೩, ಶುಕ್ರವಾರ

ಸಾಲ ಕೊಟ್ಟ ಬ್ಯಾಂಕಿನವರು ತಪಾಸಣೆಗೆ ಬಂದರು. ನಿನ್ನೆಯೇ ಹೂಕುಂಡಗಳು ಬಂದಿದ್ದವು. ಅಂಗಳಕ್ಕೆ ಪೂರ್ತಿ ಮಾಡು ಇಲ್ಲ, ಕೇಬಲ್ಲಿಗೆ ಹಿಡಿಯಿಲ್ಲ, ಗೇಟಿಗೆ ಮಾತ್ರ ಹೂವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಕಾರ್ಮಿಕರ ಅಭಿಪ್ರಾಯ ಕೇಳಬೇಕು ಎಂಬುದು ಅವರ ನಿಯಮವಂತೆ. ನಮ್ಮನ್ನು ಕ್ಯಾಂಟೀನಿನಲ್ಲಿ ಕೂರಿಸಿದರು. ಜೊತೆಗೆ ಒಬ್ಬ ದುಭಾಷಿ. ನಾನು ಎದ್ದು ಎಲ್ಲ ಹೇಳಿದೆ: ಸೀಲು, ನಿಂತ ಬಸ್ಸುಗಳು, ಬೀಗ, ಮಳೆ, ಕೈ. ನಾನು ಉಸಿರು ತಗೊಳ್ಳಲು ನಿಂತಾಗ ದುಭಾಷಿ ಅವರ ಭಾಷೆಯಲ್ಲಿ ನಾಲ್ಕು ಪದ ಹೇಳಿದ. ಅವರು ತಲೆ ಆಡಿಸಿದರು.

"ಅಷ್ಟೇನಾ? ಏನಂತ ಹೇಳಿದೆ?"

"ಸುರಕ್ಷತೆ ಬಗ್ಗೆ ಕಾಳಜಿ ಇದೆ ಅಂದೆ ಸಾರ್."

ಬಂದವರಲ್ಲಿ ಹಿರಿಯ ಹೆಂಗಸು ಏನೋ ಕೇಳಿದಳು. ನಾವು ಶುದ್ಧ ಬಸ್ಸಿನ ಪರವೋ, ವಿರೋಧವೋ ಎಂದು ತಿಳಿಯಬೇಕಂತೆ. ಇದೆಂಥ ಪ್ರಶ್ನೆ. ಅನ್ನ ಬೇಕೋ ಗಾಳಿ ಬೇಕೋ ಎಂದು ಯಾರಾದರೂ ಮನುಷ್ಯನನ್ನು ಕೇಳುತ್ತಾರೆಯೇ?

ಹೊರಗೆ ಬನ್ನಿ ಎಂದು ಕೈಸನ್ನೆ ಮಾಡಿ ಅಂಗಳಕ್ಕೆ ಕರೆದುಕೊಂಡು ಹೋದೆ. ಕರೆಂಟ್ ತೆಗೆಸಿ, ಟೇಪು ಸುತ್ತಿದ ಹಿಡಿಯನ್ನು ಅವಳ ಮುಂದೆ ಚಾಚಿದೆ. "ಸ್ವಲ್ಪ ಹಿಡ್ಕೊಳ್ಳಿ."

ಅವಳು ಕೈ ಹಿಂದೆ ಎಳೆದುಕೊಂಡಳು. ಪಕ್ಕದ ಉದ್ದನೆಯ ಸಾಹೇಬನೂ ಎರಡು ಹೆಜ್ಜೆ ಸರಿದ. ದುಭಾಷಿಗೆ ಕೆಲಸ ಇರಲಿಲ್ಲ.

ಅವಳ ಮುಖ ಕೆಂಪಗಾಗಿತ್ತು. ಬರೆದುಕೊಂಡಳು. ಬರೆದುಕೊಂಡು ಹೋದರು. ಹೋದದ್ದೇ ಬಂತು.

ಮೇ ೧೨, ಭಾನುವಾರ

ಸಂಘದ ಸಭೆ. ಕಾರ್ಯದರ್ಶಿ ಮತ್ತೆ ಅದೇ ನಿರ್ಣಯ ತಂದರು, ಬಸ್ಸುಗಳು ವಾಪಸ್ ಹೋಗಲಿ ಎಂದು. ನಾನು ಎದ್ದೆ.

"ವಾಪಸ್ ಕಳಿಸಿ ಏನು ಮಾಡ್ತೀರಾ? ಹಿಂದಿನ ರಸ್ತೆಯವರು ಮತ್ತೆ ಕಿಟಕಿ ಮುಚ್ಕೊಂಡು ಕೂರಬೇಕಾ? ಬಸ್ಸು ಇರಲಿ. ಮುಚ್ಚಳ ತೆಗೀಲಿ. ನಮಗೆ ಕಲಿಸಲಿ. ಇಲ್ಲಿ ಓಡೋ ಬಸ್ಸನ್ನ ಇಲ್ಲಿನವರೇ ರಿಪೇರಿ ಮಾಡಲಿ. ಮತ್ತೆ ಆ ನೀಲಿ ಅಂಗಿಯವರು ನಮ್ಮ ಅಂಗಳದಲ್ಲಿ ದುಡಿಯೋರು, ಅವರು ಸಂಘಕ್ಕೆ ಬರಲಿ."

"ಫೋರ್‌ಮನ್ ಕಂಪನಿ ಕಡೆ ಹೋಗ್ಬಿಟ್ರು" ಎಂದು ಹಿಂದಿನಿಂದ ಯಾರೋ ಅಂದರು. ಕಾರ್ಯದರ್ಶಿ, "ಎರಡು ತಿಂಗಳ ಹಿಂದೆ ನೀವೇ ಬೇರೆ ಮಾತಾಡಿದ್ರಿ" ಎಂದರು. ಸುಳ್ಳು. ಮೊದಲಿನಿಂದಲೂ ನನ್ನ ಮಾತು ಇದೇ. ಜನರಿಗೆ ನೆನಪಿನ ಶಕ್ತಿಯೇ ಇಲ್ಲ.

ಬಹಳ ಗಲಾಟೆಯಾಗಿ ಕೊನೆಗೆ ತರಬೇತಿಯ ಬೇಡಿಕೆ ಪಾಸಾಯಿತು. ನೀಲಿ ಅಂಗಿಯವರ ವಿಷಯ ಮುಂದಕ್ಕೆ ಹಾಕಿದರು. ಮುಂದಕ್ಕೆ ಎಂದರೆ ಹಿಂದಕ್ಕೆ.

ಮೇ ೨೭, ಸೋಮವಾರ

ಹೊಸದಾಗಿ ಮಗುವಾಗಿದ್ದ ಆ ನೀಲಿ ಅಂಗಿಯವನಿಗೆ ಇವತ್ತು ಕಿಡಿ ಹಾರಿತು. ಏನೂ ಆಗಲಿಲ್ಲ, ಆದರೆ ಅವನು ಪ್ಲಗ್ಗನ್ನು ಕೆಳಗಿಟ್ಟು, ಕೇಬಲ್ ಬದಲಾಯಿಸುವ ತನಕ ಮುಟ್ಟುವುದಿಲ್ಲ ಎಂದ. ಉಳಿದವರೂ ಅವನ ಪಕ್ಕ ಬಂದು ನಿಂತರು. ಗುತ್ತಿಗೆದಾರ ಬಂದು, "ಎಲ್ರನ್ನೂ ಮನೆಗೆ ಕಳಿಸ್ತೀನಿ, ಗೇಟಿನ ಹೊರಗೆ ನೂರು ಜನ ಇದ್ದಾರೆ" ಎಂದ.

ನಾನು ಹೋಗಿ ಅವರ ಸಾಲಿನಲ್ಲಿ ನಿಂತೆ. ಆಮೇಲೆ ನಮ್ಮ ಮೆಕ್ಯಾನಿಕ್ಕುಗಳು ಬಂದರು. ಡ್ರೈವರುಗಳು ಕೊನೆಗೆ ಬಂದರು, ಅವರು ಬಂದ ಮೇಲೆ ಗುತ್ತಿಗೆದಾರನ ಮಾತು ನಿಂತಿತು. ಕಾರ್ಯದರ್ಶಿ ಎಲ್ಲರ ಹಿಂದೆ ಬಂದು ಎಲ್ಲರ ಮುಂದೆ ನಿಂತರು. ಇರಲಿ, ಬಂದರಲ್ಲ.

ಮೇ ೩೧, ಶುಕ್ರವಾರ

ಮುಷ್ಕರಕ್ಕೆ ಬಸ್ಸುಗಳು ನಿಂತು, ಊರೆಲ್ಲ ನಡೆಯುತ್ತಿದೆ. ಮಗಳೂ ನಡೆದೇ ಸ್ಕೂಲಿಗೆ ಹೋದಳು. "ಕಾಲು ನೋವು ಅಪ್ಪ" ಎಂದಳು, ಮುಷ್ಕರ ನಿಲ್ಲಿಸು ಎನ್ನಲಿಲ್ಲ.

ಸಂಜೆ ಕೇಬಲ್ ಬಂತು. ಹಡಗಿನಲ್ಲಿ ತಿಂಗಳುಗಟ್ಟಲೆ ಬರುತ್ತಿದ್ದದ್ದು, ಬಸ್ಸು ನಿಂತ ವಾರದೊಳಗೆ ವಿಮಾನದಲ್ಲಿ ಬಂತು. ಇಷ್ಟು ದಿನ ವಿಮಾನಕ್ಕೆ ದಾರಿ ಗೊತ್ತಿರಲಿಲ್ಲವೇನೋ.

ಜೂನ್ ೧೩, ಗುರುವಾರ

ಮ್ಯಾನೇಜರ್ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ಟೀ ತರಿಸಿದರು. ಆಗಲೇ ಅನುಮಾನ ಬಂತು.

ತರಬೇತಿ ಮಂಜೂರಾಗಿದೆಯಂತೆ. ಬ್ಯಾಂಕಿನವರು ಕಾಗದ ಬರೆದಿದ್ದಾರೆ, ಕಂಪನಿ ಒಪ್ಪಿದೆ. ನಮ್ಮವರಿಗೆ ಕಲಿಸಿ, ಮುಚ್ಚಳ ತೆಗೆಯಲು ಬಿಡುತ್ತಾರೆ. ಆದರೆ ನಲವತ್ತೈದು ದಾಟಿದವರಿಗೆ ಇಲ್ಲ. ನಾನು ಎಂದೋ ದಾಟಿದ್ದೇನೆ.

"ನಿಮಗೆ ಮಾತ್ರ ಒಂದು ವಿನಾಯಿತಿ ಕೊಡಿಸಬಹುದು" ಎಂದರು ಮ್ಯಾನೇಜರ್. "ನೋಟಿಸೂ ವಾಪಸ್. ಕಂಪನಿಯವರು ಒಂದು ಹೇಳಿಕೆ ಕೇಳ್ತಿದ್ದಾರೆ. ಆ ದಿನ ಅವಳು ಕೇಬಲ್ಲನ್ನ ನೆಲದ ಮೇಲೆ ಎಳ್ಕೊಂಡು ಹೋದ್ಲು ಅಂತ. ಅವಳ ದೂರು ಕಾರ್ಮಿಕ ಅಧಿಕಾರಿ ಮುಂದಿದೆಯಲ್ಲ, ಅಲ್ಲಿ ಅಷ್ಟು ಹೇಳಿದ್ರೆ ಸಾಕು. ಅವಳಿಗೂ ಏನಾದ್ರೂ ಕೊಡ್ತಾರೆ ಬಿಡಿ, ಪಾಪ."

ಆ ಡಬ್ಬಿಯೊಳಗೆ ಏನಿದೆ ಎಂದು ನೋಡುವ ಆಸೆ ನನಗಿದೆ. ಎಷ್ಟಿದೆ ಎಂದು ಇಲ್ಲಿ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ. ಟೀ ಮುಗಿಸಿ ಲೋಟ ಕೆಳಗಿಟ್ಟೆ.

"ಎಳ್ಕೊಂಡು ಹೋಗಲಿಲ್ಲ ಸಾರ್. ಎತ್ಕೊಂಡೇ ಹೋದ್ಲು. ನಾನು ನೋಡ್ತಿದ್ದೆ."

"ಯೋಚನೆ ಮಾಡಿ ಹೇಳಿ."

"ನೋಡಿದ್ದಕ್ಕೆ ಯೋಚನೆ ಯಾಕೆ ಸಾರ್?"

ಹೊರಗೆ ಬಂದ ಮೇಲೆ ಬಹಳ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಮನೆಗೆ ಬಂದು ಇವಳಿಗೆ ಹೇಳಿದರೆ ಅವಳು ಕೈಯಲ್ಲಿದ್ದ ಬಟ್ಟೆ ಮಡಿಸುತ್ತಲೇ ಇದ್ದಳು. "ಮತ್ತೇನು ಹೇಳ್ತಿದ್ರಿ" ಎಂದಳು. ಸ್ವಲ್ಪವಾದರೂ ಆಶ್ಚರ್ಯಪಡಬಾರದೇ?

ಜೂನ್ ೧೪, ಶುಕ್ರವಾರ

ನನ್ನನ್ನು ಬಸ್ಸು ತೊಳೆಯುವ ವಿಭಾಗಕ್ಕೆ ಹಾಕಿದ್ದಾರೆ.

ಜುಲೈ ೨೩, ಮಂಗಳವಾರ

ಕಾರ್ಮಿಕ ಅಧಿಕಾರಿಯ ತೀರ್ಪು ಬಂತು. ಸಂಬಳ ಕೊಡುವವನು ಗುತ್ತಿಗೆದಾರನಾದರೂ, ಕೇಬಲ್ ಕಂಪನಿಯದು, ಬೀಗ ಕಂಪನಿಯದು, ಆದ್ದರಿಂದ ಹೊಣೆಯೂ ಕಂಪನಿಯದು. ಪರಿಹಾರ ಕೊಡಬೇಕು, ಕೈಗೆ ಆಗುವಂಥ ಕೆಲಸವನ್ನೂ ಕೊಡಬೇಕು. ಪರಿಹಾರದ ವಿರುದ್ಧ ಕಂಪನಿ ಮೇಲ್ಮನವಿ ಹಾಕುತ್ತದಂತೆ. ಹಾಕಲಿ. ಹಾಕುತ್ತಾರೆಂದು ಗೊತ್ತೇ ಇತ್ತು.

ಅಧಿಕಾರಿ ಕೈ ತೋರಿಸಿ ಎಂದಾಗ ಪ್ಲಗ್ಗಮ್ಮ ತೋರಿಸಿದಳು. ಬೆರಳುಗಳು ಅರ್ಧಕ್ಕೆ ನಿಲ್ಲುತ್ತವೆ, ಮುಷ್ಟಿಯಾಗುವುದಿಲ್ಲ. ಇನ್ನು ಕಾಲರೂ ಇಲ್ಲ, ಪ್ಲಗ್ಗೂ ಇಲ್ಲ. ಗೆದ್ದೆವು ಎಂದು ನಮ್ಮ ಹುಡುಗರು ಹೊರಗೆ ಸಿಹಿ ಹಂಚುತ್ತಿದ್ದರು. ನನಗೆ ತಿನ್ನಲಾಗಲಿಲ್ಲ.

ನೀಲಿ ಅಂಗಿಯವರ ವಿಷಯ ಸಂಘದಲ್ಲಿ ಇನ್ನೂ ಮುಂದಕ್ಕೇ ಹೋಗುತ್ತಿದೆ. ನಾಳೆ ಕಾರ್ಯದರ್ಶಿಯ ಮನೆಗೇ ಹೋಗುತ್ತೇನೆ. ಊಟದ ಹೊತ್ತಿಗೆ ಹೋದರೆ ತಪ್ಪಿಸಿಕೊಳ್ಳಲಾರರು.

ಆಗಸ್ಟ್ ೮, ಗುರುವಾರ

ತರಬೇತಿ ಮುಗಿಸಿ ಬಂದ ನಮ್ಮವರು ಇವತ್ತು ಮೊದಲ ಬಾರಿ ಬಸ್ಸಿನ ಮುಚ್ಚಳ ತೆಗೆದರು. ತೊಳೆಯುವ ಪೈಪು ಬಿಟ್ಟು ಓಡಿದೆ, ಪ್ಯಾಂಟೆಲ್ಲ ಒದ್ದೆ. ನಮ್ಮ ಡಿಪೋದ ಕಿರಿಯ ಮೆಕ್ಯಾನಿಕ್ಕು ದಪ್ಪ ಕೈಗವಸು ಹಾಕಿಕೊಂಡು, ಒಂದೊಂದೇ ತಿರುಪು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ನನ್ನ ಕೈಕೆಳಗೆ ಇದ್ದಾಗ ತಿರುಪು ಎಸೆದು ಬೈಸಿಕೊಳ್ಳುತ್ತಿದ್ದವಳು.

ಬಸ್ಸಿನ ಸುತ್ತ ನೆಲಕ್ಕೆ ಹಳದಿ ಗೆರೆ ಎಳೆದಿದ್ದಾರೆ. ಕಲಿತವರು ಮಾತ್ರ ಒಳಗೆ ಹೋಗಬಹುದು. ಗೆರೆ ಕಾಯುವ ಕೆಲಸ ಪ್ಲಗ್ಗಮ್ಮನದು. ಕೊರಳಲ್ಲಿ ಸೀಟಿ, ಎಡಗೈಯಲ್ಲಿ ಕೆಂಪು ಬಾವುಟ.

ಮುಚ್ಚಳ ಮೇಲೆದ್ದಿತು. ನಾನು ಕತ್ತು ಚಾಚಿದೆ. ಕಿತ್ತಳೆ ಬಣ್ಣದ ದಪ್ಪ ವೈರುಗಳು ಕಂಡವು, ಅದರಾಚೆ ಏನೋ ಹೊಳೆಯಿತು. ಕಾಲು ತಾನಾಗಿ ಮುಂದೆ ಹೋಯಿತು.

"ಗೆರೆ ದಾಟಬೇಡಿ ಅಣ್ಣ."

"ಒಂದೇ ನಿಮಿಷ, ನೋಡಿ ಬಂದ್ಬಿಡ್ತೀನಿ."

"ನಿಮ್ಮ ಪ್ಯಾಂಟ್ ಒದ್ದೆ ಇದೆ. ಕೈಗವಸೂ ಇಲ್ಲ." ಬಾವುಟವನ್ನು ನನ್ನ ಎದೆಗೆ ಅಡ್ಡ ಹಿಡಿದಳು. "ಯಾರಾದ್ರೂ ಅಷ್ಟೆ."

ಸಿಟ್ಟು ಬಂತು. ನಿನಗೋಸ್ಕರ ನಾನು ಏನೆಲ್ಲ ಬಿಟ್ಟೆ, ಎಂದು ನಾಲಿಗೆ ತುದಿಗೆ ಬಂತು. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಪಾದ ಎಲ್ಲಿದೆ ಎಂದು ನೋಡುತ್ತಿದ್ದಳು.

ಪಾದ ಹಿಂದಕ್ಕೆ ತೆಗೆದೆ. ಅಲ್ಲಿಂದ ನೋಡಿದರೆ ನಮ್ಮ ಹುಡುಗರ ಬೆನ್ನು ಬಿಟ್ಟು ಏನೂ ಕಾಣಿಸುತ್ತಿರಲಿಲ್ಲ. ಆದರೂ ಕೆಲಸ ಮುಗಿಯುವ ತನಕ ಅಲ್ಲೇ ನಿಂತಿದ್ದೆ, ಅವಳ ಪಕ್ಕದಲ್ಲಿ.